ಒನ್ ಪೀಸ್: ಎಲ್ಲಿಂದ ಆರಂಭಿಸಬೇಕು, ಹೇಗೆ ಓದಬೇಕು, ಎಷ್ಟು ನೋಡಬೇಕು

ಅಕ್ಕನ ಮಗ ಒಂಬತ್ತನೆಯ ತರಗತಿಗೆ ಬಂದ ವರ್ಷ ಡೊಂಬಿವಲಿಯ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳಿದ್ದ: "ಮಾವ, ಒನ್ ಪೀಸ್‌ದು ಸಾವಿರದ ಮೇಲೆ ಎಪಿಸೋಡ್ ಇವೆಯಂತೆ. ನಾನು ಎಲ್ಲಿಂದ ಶುರು ಮಾಡಲಿ?" ಅವನ ಗೆಳೆಯರಲ್ಲಿ ಒಬ್ಬ ಇತ್ತೀಚಿನ ಕಂತುಗಳಿಂದ ಆರಂಭಿಸು ಎಂದಿದ್ದನಂತೆ, ಇನ್ನೊಬ್ಬ ಸಾರಾಂಶದ ವಿಡಿಯೊ ನೋಡಿದರೆ ಸಾಕು ಎಂದಿದ್ದನಂತೆ. ಅಂದು ಅವನಿಗೆ ಹೇಳಿದ್ದನ್ನೂ ಮುಂದಿನ ಒಂದು ವರ್ಷ ಅವನ ಜೊತೆಯಲ್ಲೇ ಮತ್ತೊಮ್ಮೆ ಓದುತ್ತ ಹೋದಾಗ ನನಗೆ ಹೊಳೆದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮುಂಬಯಿ, ಠಾಣೆ, ಕಲ್ಯಾಣದ ಕಡೆಯ ಕನ್ನಡ ಮನೆಗಳಲ್ಲಿ ಇದೇ ಪ್ರಶ್ನೆ ಕೇಳುವ ಮಕ್ಕಳೂ ದೊಡ್ಡವರೂ ಅನೇಕರಿದ್ದಾರೆ ಎಂಬುದು ನನಗೆ ಗೊತ್ತು. ನನ್ನ ಉತ್ತರ ಇಷ್ಟೆ: ಮೊದಲು ಮಾಂಗಾ, ಅಂದರೆ ಅಚ್ಚಿನ ಚಿತ್ರಕಥೆ, ಅದರ ಮೊದಲನೆಯ ಅಧ್ಯಾಯದಿಂದ, ಅನಿಮೆ, ಅಂದರೆ ಅದೇ ಕಥೆಯ ಟಿವಿ ಕಾರ್ಟೂನು, ಆಮೇಲೆ, ಅದೂ ಆಯ್ದ ಭಾಗಗಳು ಮಾತ್ರ.

ಕಾರಣ ಹೇಳುವ ಮೊದಲು ಕೃತಿಯ ಪರಿಚಯ ಅಗತ್ಯ. ಎಯಿಚಿರೊ ಓಡಾ 1975ರಲ್ಲಿ ಜಪಾನಿನ ಕುಮಾಮೊಟೊದಲ್ಲಿ ಹುಟ್ಟಿದವರು. 1997ರ ಜುಲೈಯಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಶುಯೇಶಾ ಪ್ರಕಾಶನದ ವೀಕ್ಲಿ ಶೋನೆನ್ ಜಂಪ್ ವಾರಪತ್ರಿಕೆಯಲ್ಲಿ ಒನ್ ಪೀಸ್ ಆರಂಭಿಸಿದರು. ಐದು ವರ್ಷಗಳಲ್ಲಿ ಮುಗಿಸುವ ಅಂದಾಜು ಅವರದಾಗಿತ್ತು. ಇಂದು ಅಧ್ಯಾಯಗಳ ಸಂಖ್ಯೆ 1,100ನ್ನು ದಾಟಿದೆ, ಜಪಾನೀ ಸಂಪುಟಗಳು 110ನ್ನು ದಾಟಿವೆ, 2022ರ ಹೊತ್ತಿಗೇ ಜಗತ್ತಿನಾದ್ಯಂತ 50 ಕೋಟಿ ಪ್ರತಿಗಳು ಅಚ್ಚಾಗಿದ್ದವು. ತೋಯೇ ಆ್ಯನಿಮೇಷನ್ ಸಂಸ್ಥೆ ನಿರ್ಮಿಸಿದ ಅನಿಮೆ 1999ರ ಅಕ್ಟೋಬರ್ 20ರಂದು ಫೂಜಿ ಟಿವಿಯಲ್ಲಿ ಆರಂಭವಾಗಿ, 2021ರ ನವೆಂಬರಿನಲ್ಲಿ ಸಾವಿರದ ಕಂತನ್ನು ಕಂಡಿತು. ಕಥೆಯ ಬೀಜ ಬಹಳ ಸರಳ. ಕಡಲುಗಳ್ಳರ ರಾಜನೆನಿಸಿದ ಗೋಲ್ ಡಿ. ರೋಜರ್ ಗಲ್ಲಿನ ಕಟ್ಟೆಯ ಮೇಲೆ ನಿಂತು ತನ್ನ ಸಂಪತ್ತೆಲ್ಲವನ್ನೂ ಒಂದೆಡೆ ಬಿಟ್ಟುಬಂದಿರುವುದಾಗಿ ಹೇಳಿ ಸಾಯುತ್ತಾನೆ. ಆ ಮಾತಿನ ಬೆನ್ನು ಹತ್ತಿ ಸಾವಿರಾರು ಜನ ಕಡಲಿಗಿಳಿಯುತ್ತಾರೆ. ಅವರಲ್ಲಿ ಒಬ್ಬ, ಮಾಯದ ಹಣ್ಣು ತಿಂದು ಮೈಯೆಲ್ಲ ರಬ್ಬರಾಗಿ ಈಜುವ ಶಕ್ತಿಯನ್ನು ಕಳೆದುಕೊಂಡ ಹುಡುಗ ಮಂಕಿ ಡಿ. ಲೂಫಿ.

ಮಾಂಗಾ ಮೊದಲು ಎಂದು ನಾನು ಒತ್ತಿ ಹೇಳುವುದಕ್ಕೆ ಮೊದಲನೆಯ ಅಧ್ಯಾಯವೇ ಸಾಕ್ಷಿ. ಪುಸ್ತಕದಲ್ಲಿ ಕಥೆ ಆರಂಭವಾಗುವುದು ಲೂಫಿಯ ಬಾಲ್ಯದಿಂದ. ಕೆಂಗೂದಲಿನ ಶಾಂಕ್ಸ್ ಎಂಬ ಕಡಲುಗಳ್ಳನ ಮೇಲೆ ಆ ಹುಡುಗನಿಗಿದ್ದ ಪ್ರೀತಿ, ಹೆಂಡದಂಗಡಿಯಲ್ಲಿ ಶಾಂಕ್ಸ್ ಅವಮಾನವನ್ನು ನಕ್ಕು ನುಂಗಿಕೊಂಡದ್ದನ್ನು ಕಂಡು ಹುಡುಗನಿಗೆ ಬಂದ ಸಿಟ್ಟು, ಕೊನೆಗೆ ಅವನನ್ನು ಉಳಿಸಲು ಶಾಂಕ್ಸ್ ತೆತ್ತ ಬೆಲೆ, ತಲೆಯ ಮೇಲೆ ಇಟ್ಟುಹೋದ ಹುಲ್ಲಿನ ಟೋಪಿ, ಇಷ್ಟೂ ಅದೇ ಅಧ್ಯಾಯದಲ್ಲಿವೆ. ಅನಿಮೆಯ ಮೊದಲನೆಯ ಕಂತಿನಲ್ಲಿ ಇದು ಇಲ್ಲ. ಅಲ್ಲಿ ಲೂಫಿ ಬೆಳೆದ ಹುಡುಗನಾಗಿ ಪೀಪಾಯಿಯೊಳಗಿಂದ ಎದ್ದುಬರುತ್ತಾನೆ. ಬಾಲ್ಯದ ಕಥೆ ನಾಲ್ಕನೆಯ ಕಂತಿನಲ್ಲಿ ನೆನಪಾಗಿ ಬರುತ್ತದೆ. ಆ ಟೋಪಿ ಏನೆಂದು ತಿಳಿದು ಅವನ ಹಿಂದೆ ಹೊರಡುವುದಕ್ಕೂ ಟೋಪಿ ಹಾಕಿಕೊಂಡ ತಮಾಷೆಯ ಹುಡುಗನೊಬ್ಬನನ್ನು ಮೂರು ಕಂತು ನೋಡಿದ ಮೇಲೆ ಅದರ ಅರ್ಥ ತಿಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡು ಕಂತು ನೋಡಿ "ಇದು ಚಿಕ್ಕ ಮಕ್ಕಳದು" ಎಂದು ಕೈಬಿಟ್ಟ ನನ್ನ ಪರಿಚಿತರು ಯಾರೂ ಮೊದಲನೆಯ ಅಧ್ಯಾಯವನ್ನು ಓದಿದವರಲ್ಲ.

ಎರಡನೆಯ ಕಾರಣ ವೇಗ. ವಾರಕ್ಕೊಂದು ಅಧ್ಯಾಯ ಬರೆಯುವ ಲೇಖಕನ ಹಿಂದೆಯೇ ವಾರಕ್ಕೊಂದು ಕಂತು ಮಾಡುತ್ತ ಹೋದರೆ ಅನಿಮೆ ಮೂಲವನ್ನು ಬಹುಬೇಗ ಮುಟ್ಟಿಬಿಡುತ್ತದೆ. ಹಾಗಾಗದಂತೆ ನೋಡಿಕೊಳ್ಳಲು ತಯಾರಕರಿಗೆ ಇದ್ದ ದಾರಿ ಎರಡು: ಮೂಲದಲ್ಲಿಲ್ಲದ ಉಪಕಥೆಗಳನ್ನು ನಡುವೆ ತುಂಬುವುದು, ಇಲ್ಲವೆ ಇರುವ ಕಥೆಯನ್ನು ಎಳೆಯುವುದು. ಆರಂಭದಲ್ಲಿ ಮೊದಲನೆಯದನ್ನು ಹೆಚ್ಚಾಗಿ ಮಾಡಿದರು, ಬರಬರುತ್ತ ಎರಡನೆಯದು ಹೆಚ್ಚಿತು. ಅಲಬಾಸ್ಟಾ ಎಂಬ ಮರಳುನಾಡಿನ ಪರ್ವ ಮಾಂಗಾದಲ್ಲಿ 155ರಿಂದ 217ರವರೆಗೆ 63 ಅಧ್ಯಾಯ. ಅನಿಮೆಯಲ್ಲಿ ಅದು 92ರಿಂದ 130ರವರೆಗೆ 39 ಕಂತು. ಮುಂದೆ ಡ್ರೆಸ್‌ರೋಸಾ ಪರ್ವಕ್ಕೆ ಬಂದರೆ 102 ಅಧ್ಯಾಯಗಳಿಗೆ 118 ಕಂತುಗಳಾಗಿವೆ. ಒಂದು ಕಂತಿಗೆ ಒಂದು ಅಧ್ಯಾಯವೂ ಪೂರ್ತಿ ಸಿಗದೆ, ಹಾಡು, ಹಿಂದಿನ ಕಥೆಯ ನೆನಪು, ಎದುರಾಳಿಗಳ ಬೆರಗಿನ ಮುಖಗಳಲ್ಲಿ ಅರ್ಧ ಸಮಯ ಕಳೆದುಹೋಗುತ್ತದೆ. ತಯಾರಕರ ಶ್ರಮವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಹೊಸಬರು ಇದೇ ದಾರಿ ಹಿಡಿದರೆ ದಣಿದು ನಡುವೆ ನಿಲ್ಲುತ್ತಾರೆ. 24 ನಿಮಿಷದ 1,100 ಕಂತುಗಳೆಂದರೆ 440 ಗಂಟೆ. ಅದೇ ಕಥೆಯ 1,100 ಅಧ್ಯಾಯಗಳನ್ನು ಅಧ್ಯಾಯಕ್ಕೆ ಏಳು ನಿಮಿಷದಂತೆ ಓದಿದರೆ 130 ಗಂಟೆಗಳಿಗಿಂತ ಕಡಿಮೆ.

ಪುಸ್ತಕ ಹಿಡಿಯುವ ಕ್ರಮ

ಜಪಾನೀ ಚಿತ್ರಕಥೆಯನ್ನು ಬಲದಿಂದ ಎಡಕ್ಕೆ ಓದಬೇಕು, ಇಂಗ್ಲಿಷ್ ಅನುವಾದವೂ ಹಾಗೆಯೇ ಅಚ್ಚಾಗಿರುತ್ತದೆ. ನಮ್ಮ ಪುಸ್ತಕಗಳ ಹಿಂಬದಿಯ ರಟ್ಟು ಎಲ್ಲಿರುತ್ತದೆಯೋ ಅಲ್ಲಿ ಇದರ ಮುಖಪುಟ ಇರುತ್ತದೆ. ಪುಟದಲ್ಲಿ ಮೇಲಿನ ಬಲಮೂಲೆಯ ಚೌಕಟ್ಟು ಮೊದಲು, ಕೆಳಗಿನ ಎಡಮೂಲೆಯದು ಕೊನೆಗೆ. ಒಂದು ಚೌಕಟ್ಟಿನೊಳಗಿನ ಮಾತಿನ ಗುಳ್ಳೆಗಳಿಗೂ ಇದೇ ಕ್ರಮ. ಹೊಸಬರು ಎಡವುವುದು ಗುಳ್ಳೆಗಳಲ್ಲಿಯೇ. ಚೌಕಟ್ಟುಗಳನ್ನು ಸರಿಯಾಗಿ ಹಿಡಿದರೂ, ಒಳಗಿನ ಅಕ್ಷರಗಳು ಎಡದಿಂದ ಬಲಕ್ಕೆ ಇರುವುದರಿಂದ ಕಣ್ಣು ಎಡಗಡೆಯ ಗುಳ್ಳೆಗೆ ಮೊದಲು ಹೋಗಿ ಉತ್ತರ ಮೊದಲಾಗಿ ಪ್ರಶ್ನೆ ಆಮೇಲೆ ಆಗುತ್ತದೆ. ಮೊದಲ ಎರಡು ಅಧ್ಯಾಯಗಳನ್ನು ಬೆರಳಿಟ್ಟುಕೊಂಡು ಓದಿರಿ. ಅಕ್ಕನ ಮಗನಿಗೆ ನಾನು ಹಾಗೆಯೇ ಓದಿಸಿದೆ. ಮೂರನೆಯ ಅಧ್ಯಾಯಕ್ಕೆ ಬೆರಳು ತಾನಾಗಿಯೇ ಬಿಟ್ಟುಹೋಯಿತು.

ನಮ್ಮ ಕೈಗೆ ಸಿಗುವುದು ವಿಜ್ ಮೀಡಿಯಾ ಪ್ರಕಟಿಸಿದ ಇಂಗ್ಲಿಷ್ ಸಂಪುಟಗಳು. ಅವು ಎರಡು ರೂಪದಲ್ಲಿವೆ: ಸುಮಾರು 200 ಪುಟದ ಬಿಡಿ ಸಂಪುಟ ಮತ್ತು ಮೂರು ಸಂಪುಟಗಳನ್ನು ಒಟ್ಟಿಗೆ ಹೊಲಿದ ದಪ್ಪ ಪುಸ್ತಕ. ದಪ್ಪ ಪುಸ್ತಕದ ಬೆನ್ನಿನ ಮೇಲೆ ಅದರ ಸ್ವಂತ ಸಂಖ್ಯೆ ಒಂದು, ಒಳಗಿರುವ ಸಂಪುಟಗಳ ಸಂಖ್ಯೆ ಇನ್ನೊಂದು. ದಪ್ಪ ಪುಸ್ತಕದ ಎರಡನೆಯದರಲ್ಲಿ ಇರುವುದು 4, 5, 6ನೆಯ ಸಂಪುಟಗಳು. ನಾನು ಇದನ್ನು ಗಮನಿಸದೆ ಬಿಡಿ ಸಂಪುಟಗಳ ಐದನೆಯದನ್ನೂ ದಪ್ಪ ಪುಸ್ತಕದ ಎರಡನೆಯದನ್ನೂ ಕೊಂಡು ಒಂದೇ ಕಥೆಗೆ ಎರಡು ಸಲ ಹಣ ಕೊಟ್ಟೆ. ಆರಂಭಕ್ಕೆ ದಪ್ಪ ಪುಸ್ತಕಗಳೇ ಲಾಭ. ನಾಲ್ಕು ಕೊಂಡರೆ ಮೊದಲ ನೂರು ಅಧ್ಯಾಯಗಳು ಪೂರ್ತಿ ಸಿಗುತ್ತವೆ. ನಿಂತು ಓದುವವರಿಗೆ ಮಾತ್ರ ಅವು ಭಾರ.

ಎಲ್ಲಿ ಕೊಳ್ಳಬೇಕು ಎಂದರೆ, ಫ್ಲೋರಾ ಫೌಂಟನ್ ಬಳಿಯ ಕಿತಾಬ್ ಖಾನಾದಂಥ ಅಂಗಡಿಗೆ ಒಮ್ಮೆ ಹೋಗಿ ಎರಡೂ ರೂಪಗಳನ್ನು ಕೈಯಲ್ಲಿ ಹಿಡಿದು ನೋಡಿ ತೀರ್ಮಾನಿಸುವುದು ಒಳ್ಳೆಯದು. ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೆಯ ಪುಸ್ತಕದವರಲ್ಲಿ ಅದೃಷ್ಟವಿದ್ದರೆ ಬಿಡಿ ಸಂಪುಟಗಳು ಸಿಗುತ್ತವೆ, ಆದರೆ ಸಾಲಾಗಿ ಸಿಗುವುದಿಲ್ಲ. ಬೇಕಾದ ಸಂಖ್ಯೆಗಳ ಪಟ್ಟಿ ಜೇಬಿನಲ್ಲಿರಲಿ. ಯಾವುದೇ ಬೀದಿಯಲ್ಲಿ ಹೊಸದೆಂದು ಬಹಳ ಅಗ್ಗಕ್ಕೆ ಕೊಡುವ ಪ್ರತಿಯನ್ನು ಮಾತ್ರ ಬಿಡಿಸಿ ನೋಡದೆ ಕೊಳ್ಳಬೇಡಿ. ಕಳ್ಳ ಅಚ್ಚಿನ ಪ್ರತಿಯೊಂದು ನನ್ನ ಕೈಗೂ ಬಂದಿತ್ತು. ನೆರಳಿಗಾಗಿ ಹಾಕಿದ ಸಣ್ಣ ಚುಕ್ಕೆಗಳೆಲ್ಲ ಕಲೆಸಿ ಬೂದು ಮೆತ್ತಿದಂತಾಗಿದ್ದವು, ಪುಟದ ಅಂಚಿನ ಗುಳ್ಳೆಗಳಲ್ಲಿ ಅರ್ಧ ಅಕ್ಷರ ಕತ್ತರಿಸಿಹೋಗಿತ್ತು. ಓಡಾ ಅವರ ಗೆರೆಯನ್ನು ಹಾಗೆ ನೋಡುವುದಕ್ಕಿಂತ ಫೋನಿನಲ್ಲಿ ಓದುವುದು ಎಷ್ಟೋ ಮೇಲು. ಶುಯೇಶಾದವರದೇ ಮಾಂಗಾ ಪ್ಲಸ್ ಎಂಬ ಆ್ಯಪ್ 2019ರಿಂದ ಇದೆ. ಆರಂಭದ ಮತ್ತು ಇತ್ತೀಚಿನ ಕೆಲವು ಅಧ್ಯಾಯಗಳನ್ನು ಅದರಲ್ಲಿ ಹಣ ಕೊಡದೆಯೇ ಓದಬಹುದು. ಫೋನಿನಲ್ಲಿ ಓದುವವರು ಎರಡು ಪುಟಕ್ಕೆ ಹರಡಿದ ದೊಡ್ಡ ಚಿತ್ರ ಬಂದಾಗ ಫೋನನ್ನು ಅಡ್ಡ ಹಿಡಿಯಲೇಬೇಕು. ಹೊಸ ದ್ವೀಪವೊಂದು ಮೊದಲ ಬಾರಿ ಕಣ್ಣಿಗೆ ಬೀಳುವುದು ಇಂಥ ಜೋಡಿಪುಟಗಳಲ್ಲಿ; ಅದನ್ನು ಅರ್ಧರ್ಧ ನೋಡಿದರೆ ಬಂದರಿಗೆ ಬಂದೂ ಊರು ಕಾಣದಂತಾಗುತ್ತದೆ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮೂರು ಕತ್ತಿಗಳ ವೀರ ಅನಿಮೆಯಲ್ಲಿ ಜೋರೊ. ವಿಜ್ ಅನುವಾದದಲ್ಲಿ ಅವನು ಜೋಲೊ. ಇಬ್ಬರೂ ಒಬ್ಬನೇ.

ದಿನಕ್ಕೆ ಎಷ್ಟು

ಡೊಂಬಿವಲಿ ಬಿಟ್ಟ ಫಾಸ್ಟ್ ಲೋಕಲ್ ಠಾಣೆ ಮುಟ್ಟುವಷ್ಟರಲ್ಲಿ ಎರಡು ಅಧ್ಯಾಯ ಮುಗಿಯುತ್ತವೆ. ಸಿಎಸ್‌ಎಂಟಿಯವರೆಗೆ ಕೂತುಕೊಳ್ಳಲು ಸೀಟು ಸಿಕ್ಕರೆ ಏಳೆಂಟು ಓದಬಹುದು. ಆದರೂ ದಿನಕ್ಕೆ ಐದರ ಮೇಲೆ ಹೋಗಬೇಡಿ ಎಂಬುದು ನನ್ನ ಸಲಹೆ. ತಿಂಗಳಿಗೆ 22 ಕೆಲಸದ ದಿನ ಹಿಡಿದರೆ ಹತ್ತು ತಿಂಗಳಲ್ಲಿ 1,100 ಅಧ್ಯಾಯಗಳಾಗುತ್ತವೆ. ಇದು ನಿಧಾನವೇನಲ್ಲ. ವಾರಕ್ಕೊಮ್ಮೆ ಕಾದು ಓದುವಂತೆ ಕಟ್ಟಿದ ಕಥೆ ಇದು. ಪ್ರತಿ ಅಧ್ಯಾಯದ ಕೊನೆಯ ಪುಟದಲ್ಲಿ ಒಂದು ತಿರುವನ್ನು ಇಟ್ಟಿರುತ್ತಾರೆ, ಆ ತಿರುವಿನಲ್ಲಿ ಓದುಗ ಸ್ವಲ್ಪ ಹೊತ್ತು ನಿಲ್ಲಬೇಕೆಂಬುದು ಅದರ ಲೆಕ್ಕ. ಒಂದೇ ಉಸಿರಿಗೆ ಮೂವತ್ತು ಅಧ್ಯಾಯ ನುಂಗಿದವನಿಗೆ ಜಗಳಗಳು ನೆನಪಿರುತ್ತವೆ, ಊರುಗಳು ನೆನಪಿರುವುದಿಲ್ಲ.

ಅಧ್ಯಾಯದ ಮೊದಲ ಪುಟವನ್ನು ಹಾರಿಸುವುದು ಎಲ್ಲರೂ ಮಾಡುವ ತಪ್ಪು. ಅದು ಬರಿಯ ಶೀರ್ಷಿಕೆಯ ಚಿತ್ರ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅಲ್ಲಿ, ಅಧ್ಯಾಯಕ್ಕೆ ಒಂದೇ ಚಿತ್ರದಂತೆ, ಸೋತು ಕಥೆಯಿಂದ ಹೊರಗೆ ಹೋದ ಪಾತ್ರಗಳು ಆಮೇಲೆ ಏನಾದರು ಎಂಬ ಕಿರುಕಥೆ ತಿಂಗಳುಗಟ್ಟಲೆ ನಡೆಯುತ್ತಿರುತ್ತದೆ. ಮೂರನೆಯ ಸಂಪುಟದಲ್ಲಿ ಸೋತುಹೋದ ಬಗ್ಗಿ ಎಂಬ ವಿದೂಷಕ ಇಂಥದೇ ಕಿರುಕಥೆಯ ದಾರಿಯಲ್ಲಿ ಮುಖ್ಯ ಕಥೆಗೆ ಮರಳಿದ. ಚಿತ್ರದ ಕೆಳಗಿನ ಒಂದು ಸಾಲಿನ ವಿವರಣೆಯನ್ನು ತಪ್ಪದೆ ಓದಿ. ನಾಲ್ಕನೆಯ ಸಂಪುಟದಿಂದ ಓದುಗರ ಪ್ರಶ್ನೆಗಳಿಗೆ ಓಡಾ ಉತ್ತರಿಸುವ ಎಸ್‌ಬಿಎಸ್ ಎಂಬ ಅಂಕಣವೂ ಇದೆ. ಪಾತ್ರಗಳ ಹುಟ್ಟುಹಬ್ಬ, ಎತ್ತರ, ಇಷ್ಟದ ಊಟಗಳಂಥ ನೂರಾರು ವಿವರಗಳು ಅಲ್ಲಿ ಸಿಗುತ್ತವೆ. ಸಂಪುಟವನ್ನು ಕೊಳ್ಳಲು ಇದೂ ಒಂದು ಕಾರಣ.

ಮೊದಲ ನೂರು ಅಧ್ಯಾಯಗಳು ಈಸ್ಟ್ ಬ್ಲೂ ಎಂಬ ಕಡಲಿನಲ್ಲಿ ನಡೆಯುತ್ತವೆ, ಐವರು ಒಟ್ಟಾಗುತ್ತಾರೆ. ಕೃತಿ ನಿಮಗೆ ಹಿಡಿಸುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸಲು 81ನೆಯ ಅಧ್ಯಾಯದವರೆಗೆ ಸಮಯ ಕೊಡಿ. ಅದು ಒಂಬತ್ತನೆಯ ಸಂಪುಟದ ಕೊನೆಯಲ್ಲಿದೆ. ಇದನ್ನು ವಿವರಿಸಿದರೆ ಕಥೆಯ ಒಂದು ಗುಟ್ಟು ಬಿಚ್ಚಿದಂತಾಗುತ್ತದೆ, ಹೊಸದಾಗಿಯೇ ಓದಬೇಕೆನ್ನುವವರು ಮುಂದಿನ ಪ್ಯಾರಾ ಬಿಟ್ಟುಬಿಡಬಹುದು.

ನಾಮಿ ಎಂಬ ಹುಡುಗಿ ಬೀದಿಯಲ್ಲಿ ಕುಸಿದು ಕೂತಿದ್ದಾಳೆ. ತನ್ನ ಊರನ್ನು ಎಂಟು ವರ್ಷ ಹಿಂಡಿದವನ ಗುರುತನ್ನು ಅವಳ ಎಡತೋಳಿನಲ್ಲಿ ಹಚ್ಚೆಯಾಗಿ ಹಾಕಿದ್ದಾರೆ, ಅದನ್ನು ಅವಳು ಚೂರಿಯಿಂದ ಮತ್ತೆ ಮತ್ತೆ ಚುಚ್ಚುತ್ತಾಳೆ. ಲೂಫಿ ಹಿಂದಿನಿಂದ ಬಂದು ಮಣಿಕಟ್ಟು ಹಿಡಿಯುತ್ತಾನೆ. ನಿನಗೇನೂ ಗೊತ್ತಿಲ್ಲ, ಈ ದ್ವೀಪ ಬಿಟ್ಟು ಹೋಗು ಎಂದು ಅವಳು ಮಣ್ಣು ಎರಚುತ್ತಾಳೆ. ಗೊತ್ತಿಲ್ಲ ಎಂದು ಅವನು ಒಪ್ಪಿಕೊಂಡು ಅಲ್ಲಿಯೇ ನಿಂತಿರುತ್ತಾನೆ. ಕೊನೆಗೆ ಅವಳು ತಿರುಗಿ, ಅಳುತ್ತ, ಸಹಾಯ ಮಾಡು ಎನ್ನುತ್ತಾಳೆ. ಆಗ ಅವನು ಮಾತಾಡುವುದಿಲ್ಲ. ಯಾರಿಗೂ ಮುಟ್ಟಲು ಬಿಡದ ಆ ಟೋಪಿಯನ್ನು ತೆಗೆದು ಅವಳ ತಲೆಯ ಮೇಲಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗಿ, ಆಮೇಲೆ ಉಸಿರೆಳೆದುಕೊಂಡು ಕೂಗುತ್ತಾನೆ. ಲೂಫಿಯ ಮನಸ್ಸಿನ ಮಾತನ್ನು ಓಡಾ ಗುಳ್ಳೆಯಲ್ಲಿ ಬರೆದು ತೋರಿಸುವುದಿಲ್ಲ. ಅವನು ಏನೆಂದುಕೊಂಡ ಎಂಬುದನ್ನು ಕೈ ಮಾಡಿದ್ದರಿಂದಲೇ ತಿಳಿಯಬೇಕು. ಟೋಪಿ ಇಡುವ ಆ ಚೌಕಟ್ಟಿನಲ್ಲಿ ಒಂದು ಮಾತೂ ಬೇಕಾಗಿಲ್ಲ, ಏಕೆಂದರೆ ಮೊದಲನೆಯ ಅಧ್ಯಾಯದಲ್ಲಿ ಅದೇ ಟೋಪಿ ಅವನ ತಲೆಗೆ ಹೇಗೆ ಬಂತು ಎಂಬುದನ್ನು ನಾವು ಕಂಡಿದ್ದೇವೆ. ಇಲ್ಲಿಯೂ ಮನಸ್ಸು ಅಲುಗದಿದ್ದರೆ ಕೃತಿಯನ್ನು ನಿಶ್ಚಿಂತೆಯಿಂದ ಕೆಳಗಿಡಬಹುದು.

ಮುಂದಿನ ದಾರಿಯನ್ನು ಇಷ್ಟರಲ್ಲಿ ಹೇಳುತ್ತೇನೆ. 217ನೆಯ ಅಧ್ಯಾಯದ ಹೊತ್ತಿಗೆ ಅಲಬಾಸ್ಟಾ ಮುಗಿಯುತ್ತದೆ. ಆಮೇಲೆ ಬರುವ ಆಕಾಶದ್ವೀಪದ ಪರ್ವವನ್ನು ಬಿಟ್ಟರೂ ನಡೆಯುತ್ತದೆ ಎನ್ನುವವರಿದ್ದಾರೆ. ಅವರ ಮಾತು ಕೇಳಬೇಡಿ. ಪಾಳುಬಿದ್ದ ಆ ಊರಿನ ಕಲ್ಲಿನ ಬರಹ, ಗಂಟೆಯ ಸದ್ದು, ನಾನೂರು ವರ್ಷ ಹಿಂದಿನ ಇಬ್ಬರು ಗೆಳೆಯರ ಕಥೆ ಇವೆಲ್ಲ ಮುಂದೆ ಮತ್ತೆ ಮತ್ತೆ ಬರುತ್ತವೆ. 322ರಿಂದ 430ರವರೆಗಿನ ವಾಟರ್ ಸೆವೆನ್ ಮತ್ತು ಎನಿಸ್ ಲಾಬಿಯ ಭಾಗವನ್ನು ಇಡೀ ಕೃತಿಯ ಶಿಖರವೆಂದು ನಾನು ಎಣಿಸುತ್ತೇನೆ. ಒಂದು ಹಡಗಿನ ಮೇಲಿನ ಮಮತೆಯನ್ನು ಇಷ್ಟು ಗಂಭೀರವಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. 490ರಿಂದ 580ರವರೆಗಿನ ಭಾಗ ಆರಂಭಿಸಿದರೆ ನಿಲ್ಲಿಸಲಾಗುವುದಿಲ್ಲ, ಆದ್ದರಿಂದ ಅದನ್ನು ಪರೀಕ್ಷೆಯ ವಾರದಲ್ಲಿ ಕೈಗೆತ್ತಿಕೊಳ್ಳಬಾರದು. ಆನಂತರ ಕಥೆಯೊಳಗೆ ಎರಡು ವರ್ಷ ಕಳೆದು 598ನೆಯ ಅಧ್ಯಾಯದಲ್ಲಿ ಎಲ್ಲರೂ ಮತ್ತೆ ಸೇರುತ್ತಾರೆ. ದಣಿವಾಗಿದ್ದರೆ ಅದಕ್ಕೆ ಮೊದಲು ಒಂದು ತಿಂಗಳು ಬಿಡುವು ತೆಗೆದುಕೊಳ್ಳಿ, ನಷ್ಟವಿಲ್ಲ.

ಅನಿಮೆಯನ್ನು ಯಾವಾಗ ನೋಡಬೇಕು

ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಯಕ್ಷಗಾನ ಆಡುವಾಗ ಸಭಾಂಗಣದಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಪ್ರಸಂಗ ಮೊದಲೇ ಬಾಯಿಪಾಠ. ಮುಂದೇನಾಗುತ್ತದೆ ಎಂದು ತಿಳಿಯಲು ಯಾರೂ ಬಂದಿರುವುದಿಲ್ಲ. ಈ ಭಾಗವತರು ಈ ಪದವನ್ನು ಹೇಗೆ ಎತ್ತುತ್ತಾರೆ, ಈ ವೇಷಧಾರಿ ಆ ಪ್ರವೇಶವನ್ನು ಹೇಗೆ ಮಾಡುತ್ತಾನೆ ಎಂದು ನೋಡಲು ಬಂದಿರುತ್ತಾರೆ. ಅನಿಮೆಯನ್ನು ನೋಡಬೇಕಾದದ್ದು ಆ ಮನಸ್ಸಿನಿಂದ. ಒಂದು ಪರ್ವ ಓದಿ ಮುಗಿಸಿ, ಅದರಲ್ಲಿ ನಿಮಗೆ ಬಹಳ ಹಿಡಿಸಿದ ಎರಡು ಮೂರು ಪ್ರಸಂಗಗಳನ್ನು ಆರಿಸಿಕೊಂಡು, ಆ ಕಂತುಗಳನ್ನಷ್ಟೇ ಭಾನುವಾರ ಮನೆಯ ದೊಡ್ಡ ಪರದೆಯಲ್ಲಿ ನೋಡಿ. ಕ್ರಂಚಿರೋಲ್‌ನಂಥ ಚಂದಾ ಸೇವೆಯಲ್ಲಿ ಕಂತುಗಳು ಸಂಖ್ಯೆಯ ಸಮೇತ ಇರುವುದರಿಂದ ಹುಡುಕುವುದು ಕಷ್ಟವಲ್ಲ.

ನನ್ನ ಆಯ್ಕೆ ಹೀಗಿದೆ. ನಾಮಿಯ ಪ್ರಸಂಗಕ್ಕೆ 37ನೆಯ ಕಂತು. ಎನಿಸ್ ಲಾಬಿಯಲ್ಲಿ ಲೂಫಿಯ ತಂಡದ ರಾಬಿನ್ ಬದುಕುವ ಆಸೆಯನ್ನು ಬಾಯಿಬಿಟ್ಟು ಹೇಳುವುದಕ್ಕೆ 278. ಹಡಗಿನ ಬೀಳ್ಕೊಡುಗೆಗೆ 312. ಕಾಗದ ಕೊಡಲಾರದ್ದನ್ನು ಅನಿಮೆ ಕೊಡುವುದಕ್ಕೆ ಅತ್ಯುತ್ತಮ ಉದಾಹರಣೆ 379 ಮತ್ತು 380. ಹನ್ನೆರಡನೆಯ ಸಂಪುಟದಲ್ಲಿ ಒಂದು ತಿಮಿಂಗಿಲ ಯಾರಿಗಾಗಿಯೋ ಕಾಯುತ್ತಿರುವುದನ್ನು ಕಾಣುತ್ತೀರಿ. ಅದಕ್ಕೆ ಉತ್ತರ ಸುಮಾರು 380 ಅಧ್ಯಾಯಗಳ ನಂತರ, 50ನೆಯ ಸಂಪುಟದಲ್ಲಿ, ಒಂದು ಹಾಡಿನ ರೂಪದಲ್ಲಿ ಬರುತ್ತದೆ. ಪುಟದಲ್ಲಿ ಆ ಹಾಡಿನ ಸಾಲುಗಳಷ್ಟೇ ಇವೆ. ಅನಿಮೆಯಲ್ಲಿ ವಾದ್ಯಗಳು ಒಂದೊಂದಾಗಿ ನಿಲ್ಲುತ್ತ ಹೋಗುವುದು ಕಿವಿಗೆ ಕೇಳುತ್ತದೆ. ಓದಿದ ಮೇಲೆ ನೋಡಿದ ನಮ್ಮ ಹುಡುಗ ಆ ರಾತ್ರಿ ಊಟಕ್ಕೆ ಕೂತಾಗಲೂ ಮಾತಾಡಲಿಲ್ಲ.

2019ರ ಜುಲೈಯಲ್ಲಿ ಆರಂಭವಾದ ವಾನೊ ಪರ್ವದಿಂದ ಅನಿಮೆಯ ಬಣ್ಣ, ಗೆರೆ, ಚಲನೆಯ ರೀತಿ ಎಲ್ಲವೂ ಬದಲಾದವು. ಮೆಗುಮಿ ಇಶಿತಾನಿ ನಿರ್ದೇಶಿಸಿದ 957, 982, 1015ನೆಯ ಕಂತುಗಳನ್ನು ಚಿತ್ರಕಲೆಯಲ್ಲಿ ಆಸಕ್ತಿಯಿರುವವರು ಬಿಡಿಯಾಗಿಯಾದರೂ ನೋಡಬೇಕು. 2023ರ ಆಗಸ್ಟಿನಲ್ಲಿ ಬಂದ 1071ನೆಯದನ್ನು ಅಲ್ಲಿಯವರೆಗೆ ಓದಿದ ಮೇಲೆಯೇ ನೋಡಬೇಕು. ಭಾಷೆಯ ವಿಷಯದಲ್ಲಿ ಜಪಾನೀ ಧ್ವನಿ, ಇಂಗ್ಲಿಷ್ ಅಡಿಬರಹ ಇದೇ ಸರಿಯೆಂದು ನನ್ನ ಅನುಭವ. 1999ರಿಂದಲೂ ಲೂಫಿಗೆ ಧ್ವನಿ ಕೊಡುತ್ತಿರುವವರು ಮಯುಮಿ ತನಾಕಾ ಎಂಬ ಕಲಾವಿದೆ. ಆ ನಗುವನ್ನು ಒಮ್ಮೆ ಕೇಳಿದ ಮೇಲೆ ಪುಸ್ತಕದಲ್ಲಿಯೂ ಅದೇ ಕೇಳಿಸುತ್ತದೆ. 2004ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ಇಂಗ್ಲಿಷ್ ಅವತರಣಿಕೆಯನ್ನು ಬಹಳ ಕತ್ತರಿಸಿ ತಿದ್ದಿದ್ದರು. ಅದರ ತುಣುಕುಗಳು ಎದುರಾದರೆ ಮೂಲವನ್ನು ಅದರಿಂದ ಅಳೆಯಬೇಡಿ.

ಮೂಲದಲ್ಲಿಲ್ಲದ ತುಂಬುಕಥೆಗಳನ್ನು ಸಾಮಾನ್ಯವಾಗಿ ಬಿಡಬಹುದು. ಒಂದನ್ನು ಮಾತ್ರ ಬಿಡಬಾರದು: ಆಕಾಶದ್ವೀಪದಿಂದ ಇಳಿದ ಹಡಗು ನೇರವಾಗಿ ನೌಕಾಪಡೆಯ ಕೋಟೆಯೊಳಗೆ ಬೀಳುವ ಜಿ-8 ಎಂಬ ಕಥೆ, 196ರಿಂದ 206ರವರೆಗೆ. ಬೇರೆಯವರು ಬರೆದ ಕಥೆಯಾದರೂ ಪ್ರತಿಯೊಬ್ಬನೂ ತನ್ನ ಸ್ವಭಾವದಂತೆಯೇ ನಡೆಯುತ್ತಾನೆ, ಎದುರಾಳಿಯಾದ ಅಧಿಕಾರಿಯೂ ಗೌರವ ಹುಟ್ಟಿಸುವಂಥವನು. ಚಲನಚಿತ್ರಗಳು ಮುಖ್ಯ ಕಥೆಗೆ ಹೊರಗಿನವು. ಕಥೆಯನ್ನು ಓಡಾ ಅವರೇ ಬರೆದ 2009ರ ಸ್ಟ್ರಾಂಗ್ ವರ್ಲ್ಡ್ ಮತ್ತು ಹಾಡುಗಳಿಗಾಗಿ 2022ರ ಫಿಲ್ಮ್ ರೆಡ್ ಸಾಕು. ನಟರನ್ನಿಟ್ಟು ಮಾಡಿದ ನೆಟ್‌ಫ್ಲಿಕ್ಸ್ ಸರಣಿಯ 2023ರ ಎಂಟು ಕಂತುಗಳು ಹೆಚ್ಚುಕಡಿಮೆ ನಾಮಿಯ ಪ್ರಸಂಗದವರೆಗೆ ಬರುತ್ತವೆ. ಮನೆಯ ಹಿರಿಯರಿಗೆ ಕಥೆಯ ರುಚಿ ಹತ್ತಿಸಲು ಅದು ಅನುಕೂಲ. ಓದಲು ಹೊರಟವರು ಹನ್ನೆರಡು ಸಂಪುಟಗಳ ನಂತರ ನೋಡಲಿ. ಆರಂಭದ ಭಾಗವನ್ನು ವಿಟ್ ಸ್ಟುಡಿಯೊ ಹೊಸದಾಗಿ ಅನಿಮೆ ಮಾಡುವುದಾಗಿ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ್ದಾರೆ. ಅದಕ್ಕಾಗಿ ಕಾಯುತ್ತ ಕೂರುವ ಅಗತ್ಯವಿಲ್ಲ.

ತಂದೆತಾಯಿಯರಿಗೆ

ಚಿತ್ರಕಥೆ ಎಂದ ಮಾತ್ರಕ್ಕೆ ಇದು ಎಂಟು ವರ್ಷದ ಮಕ್ಕಳದಲ್ಲ. ಹದಿಮೂರರ ಸುಮಾರಿನ ಮಕ್ಕಳ ಕೈಗೆ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ರಕ್ತವಿದೆ, ಹೆಣ್ಣುಮಕ್ಕಳನ್ನು ಚಿತ್ರಿಸುವ ರೀತಿ ಎರಡು ವರ್ಷದ ಅಂತರದ ನಂತರದ ಭಾಗದಲ್ಲಿ ಮುಜುಗರ ತರಿಸುತ್ತದೆ, ಅದನ್ನು ನಾನು ಸಮರ್ಥಿಸುವುದಿಲ್ಲ. 500ನೆಯ ಅಧ್ಯಾಯದ ಆಸುಪಾಸಿನಲ್ಲಿ ಮನುಷ್ಯರನ್ನು ಹರಾಜು ಹಾಕುವ ದೃಶ್ಯ ಬರುತ್ತದೆ. ಅದನ್ನು ಓದಿದ ದಿನ ನಮ್ಮ ಹುಡುಗ, "ಇದು ನಿಜವಾಗಿಯೂ ನಡೀತಿತ್ತಾ ಮಾವ?" ಎಂದು ಕೇಳಿದ, ಉತ್ತರಕ್ಕೆ ಒಂದು ಸಂಜೆಯೇ ಬೇಕಾಯಿತು. ಅಕ್ಕನಿಗೆ ಮೊದಲು ಇಷ್ಟವಿರಲಿಲ್ಲ. ಅವಳು ಒಂಬತ್ತನೆಯ ಸಂಪುಟವನ್ನು ತಾನೇ ಓದಿದ ಮೇಲೆ ತಕರಾರು ಮಾಡಲಿಲ್ಲ, ಹತ್ತನೆಯದು ಎಲ್ಲಿದೆ ಎಂದು ಕೇಳಿದಳು. ಮಕ್ಕಳಿಗಿಂತ ಒಂದು ಸಂಪುಟ ಮುಂದೆ ಇರುವುದಕ್ಕಿಂತ ಒಳ್ಳೆಯ ಕಾವಲು ಇಲ್ಲ.

ಪುಸ್ತಕ ಕೊಂಡವರು ಜೂನ್ ಬರುವ ಮೊದಲೇ ಅವುಗಳ ಜಾಗ ನೋಡಿಕೊಳ್ಳಬೇಕು. ಅಗ್ಗದ ಕಾಗದವಾದ್ದರಿಂದ ನಮ್ಮ ಮಳೆಗಾಲದ ತೇವಕ್ಕೆ ಪುಟದಂಚು ಬೇಗ ಹಳದಿಯಾಗುತ್ತದೆ, ಹೊರಗೋಡೆಗೆ ಅಂಟಿದ ಕಪಾಟಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಳಗೋಡೆಯ ಕಪಾಟು, ಸಾಲಿನ ನಡುವೆ ಬೆರಳಾಡುವಷ್ಟು ಜಾಗ, ರೈಲಿಗೆ ಒಯ್ಯುವ ಪ್ರತಿಗೆ ಪ್ಲಾಸ್ಟಿಕ್ ಚೀಲ ಇಷ್ಟಾದರೆ ಸಾಕು.

ಗುಟ್ಟು ಕಾಯುವುದೂ ಮುಖ್ಯ. ಹೊಸ ಅಧ್ಯಾಯದ ಕದ್ದ ಪುಟಗಳು ವಾರದ ನಡುವೆಯೇ ಎಲ್ಲೆಡೆ ಹರಿದಾಡುತ್ತವೆ. ಪಾತ್ರದ ಹೆಸರನ್ನು ಹುಡುಕಿದರೆ ಸಾಕು, ಅವನು ಸತ್ತನೋ ಬದುಕಿದನೋ ಎಂಬುದು ಮೊದಲ ಸಾಲಿನಲ್ಲೇ ಬರುತ್ತದೆ. ಓದಿ ಮುಗಿಯುವವರೆಗೆ ಯಾವ ಹೆಸರನ್ನೂ ಹುಡುಕಬೇಡಿ, ಸಂಶಯ ಬಂದರೆ ಹಿಂದಿನ ಸಂಪುಟ ತೆರೆಯಿರಿ.

ಹೀಗೆ ನಡೆದು ಒಂದು ದಿನ ನೀವು ಇತ್ತೀಚಿನ ಅಧ್ಯಾಯಕ್ಕೆ ಬಂದು ಮುಟ್ಟುತ್ತೀರಿ. ಆಮೇಲೆ ವಾರಕ್ಕೊಂದೇ, ಅದೂ ಲೇಖಕರು ಬಿಡುವು ತೆಗೆದುಕೊಳ್ಳದ ವಾರಗಳಲ್ಲಿ ಮಾತ್ರ. ಜಪಾನಿನಲ್ಲಿ ಪತ್ರಿಕೆ ಸೋಮವಾರದ್ದು. ಅಲ್ಲಿ ಭಾನುವಾರ ಮುಗಿದು ನಡುರಾತ್ರಿಯಾದಾಗ ನಮಗೆ ಭಾನುವಾರ ರಾತ್ರಿ ಎಂಟೂವರೆ, ಆಗ ಆ್ಯಪಿನಲ್ಲಿ ಅಧ್ಯಾಯ ತೆರೆಯುತ್ತದೆ. ಅಕ್ಕನ ಮನೆ ಈಗ ಮಾಟುಂಗಾದಲ್ಲಿದೆ. ಎಂಟೂವರೆಗೆ ಅಲ್ಲಿ ಅವನು, ಇಲ್ಲಿ ನಾನು ಹದಿನೇಳು ಪುಟ ಓದಿ ಮುಗಿಸುತ್ತೇವೆ, ಒಂಬತ್ತಕ್ಕೆ ಅವನ ಫೋನು ಬರುತ್ತದೆ.